ಕೋಶದ ಮೇಲ್ಮೈಯ ಸೂಚಕಗಳೂ ಶ್ವಾಸಕೋಶದ ಅರ್ಬುದರೋಗವೂ : ಒಂದು ವಿಮರ್ಶೆ

ಗಡ್ಡೆಯ ಜೀವಕೋಶದ ಮೇಲ್ಮೈಯಲ್ಲಿ ಇಂಥದೊಂದು ಪ್ರೋಟೀನು ಕಂಡುಬಂದರೆ ರೋಗಿಯ ಮುಂದಿನ ಗತಿ ಹೀಗಾಗುವುದೆಂದು ಹೇಳುವ ಪ್ರಬಂಧಗಳು ಈಚೆಗೆ ವರ್ಷವರ್ಷವೂ ಹೇರಳವಾಗಿ ಹೊರಬರುತ್ತಿವೆ. ಈ ಮಾತು ಎಷ್ಟರಮಟ್ಟಿಗೆ ಗ್ರಾಹ್ಯವೆಂಬುದನ್ನೂ, ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳ ರೋಗಿಗೆ ಅದರಿಂದಾಗುವ ಪ್ರಯೋಜನವೇನೆಂಬುದನ್ನೂ ಇಲ್ಲಿ ವಿಚಾರಿಸುತ್ತೇವೆ.

ಮೊದಲು ಎರಡು ಅರ್ಥಗಳನ್ನು ಬೇರ್ಪಡಿಸಿಕೊಳ್ಳಬೇಕು. ಚಿಕಿತ್ಸೆ ಯಾವುದೇ ಇರಲಿ, ರೋಗವು ಹೇಗೆ ಸಾಗುವುದೆಂದು ತಿಳಿಸುವುದು ಒಂದು ಬಗೆ; ಇಂಥ ಔಷಧವು ಇಂಥವರಿಗೆ ಫಲಿಸೀತೇ ಎಂದು ತಿಳಿಸುವುದು ಮತ್ತೊಂದು ಬಗೆ. ಮೊದಲನೆಯದನ್ನು ಗತಿಸೂಚಕವೆಂದೂ ಎರಡನೆಯದನ್ನು ಫಲಸೂಚಕವೆಂದೂ ಕರೆಯೋಣ. ಗೊಂದಲವು ಬಹುಮಟ್ಟಿಗೆ ಇವೆರಡನ್ನು ಬೆರೆಸಿದುದರಿಂದಲೇ ಹುಟ್ಟಿದೆ.

ಇ.ಜಿ.ಎಫ್.ಆರ್. ಎಂಬ ಗ್ರಾಹಕವನ್ನು ತೆಗೆದುಕೊಳ್ಳೋಣ. ಕೋಶಪೊರೆಯಲ್ಲಿ ನೆಟ್ಟಿರುವ ಇದು ಬೆಳವಣಿಗೆಯ ಸಂಜ್ಞೆಯನ್ನು ಒಳಕ್ಕೆ ಮುಟ್ಟಿಸುತ್ತದೆ. ಅದು ಹೆಚ್ಚಾಗಿದ್ದರೆ ಆಯುಸ್ಸು ಕಡಿಮೆಯೆಂದು ಹಲವರು ಬಗೆದಿದ್ದರು. ೨೦೦೬ರಲ್ಲಿ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಆ ಸಂಬಂಧ ದೃಢಪಡಲಿಲ್ಲ. ಅಷ್ಟರಲ್ಲಿ, ೨೦೦೪ರಲ್ಲಿಯೇ, ಔಷಧದ ಫಲಕ್ಕೆ ಆ ಗ್ರಾಹಕದ ಜೀನಿನಲ್ಲಾದ ವಿಕೃತಿಯು ಮುಖ್ಯವೆಂದು ತಿಳಿದುಬಂದಿತ್ತು. ಪೂರ್ವ ಏಷ್ಯದ ೧,೨೧೭ ರೋಗಿಗಳನ್ನು ಕುರಿತು ೨೦೦೯ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವಿಕೃತಿಯುಳ್ಳವರ ರೋಗವನ್ನು ಜೆಫಿಟಿನಿಬ್ ಗುಳಿಗೆಯು ಕಿಮೊಥೆರಪಿಗಿಂತ ಹೆಚ್ಚು ಕಾಲ ತಡೆದಿತು. ವಿಕೃತಿಯಿಲ್ಲದವರಲ್ಲಿ ಅದೇ ಗುಳಿಗೆ ಕಿಮೊಥೆರಪಿಗಿಂತ ಬಹಳ ಹಿಂದೆ ಬಿದ್ದಿತು.

ಪಿ.ಡಿ.ಎಲ್.-೧ರ ವಿಷಯವೂ ವಿಚಾರಾರ್ಹ. ಗಡ್ಡೆಯ ಕೋಶಗಳಲ್ಲಿ ನೂರಕ್ಕೆ ಐವತ್ತಾದರೂ ಈ ಪ್ರೋಟೀನನ್ನು ತೋರುವ ೩೦೫ ರೋಗಿಗಳ ಒಂದು ಪರೀಕ್ಷೆಯಲ್ಲಿ, ಪೆಂಬ್ರೊಲಿಜುಮ್ಯಾಬ್ ಪಡೆದವರ ಪೈಕಿ ಐದು ವರ್ಷಗಳ ಬಳಿಕ ಬದುಕಿದ್ದವರು ನೂರಕ್ಕೆ ಸುಮಾರು ೩೨. ಕಿಮೊಥೆರಪಿಯಿಂದ ಆರಂಭಿಸಿದವರಲ್ಲಿ ಸುಮಾರು ೧೬. ಲಾಭವು ಇಮ್ಮಡಿಯೆಂಬುದು ನಿಜ. ಆದರೆ ಸೂಚಕವು ಅನುಕೂಲವಾಗಿದ್ದವರಲ್ಲಿಯೂ ಮೂರರಲ್ಲಿ ಎರಡು ಪಾಲು ಜನ ಉಳಿಯಲಿಲ್ಲವೆಂಬುದೂ ಅಷ್ಟೇ ನಿಜ. ಹೀಗಿರಲು ಒಬ್ಬ ರೋಗಿಯ ಮುಂದೆ ಇದನ್ನು ಜಾತಕದಂತೆ ಓದುವುದು ಯುಕ್ತವಲ್ಲ.

ಇನ್ನು ಪ್ರಬಂಧಗಳ ಗುಣವನ್ನು ಕುರಿತು. ರೋಗಿಗಳ ಸಂಖ್ಯೆ ಅಲ್ಪ. ಎಷ್ಟಿದ್ದರೆ 'ಹೆಚ್ಚು' ಎಂಬ ಗಡಿಯನ್ನು ಫಲಿತಾಂಶ ಕಂಡ ಮೇಲೆ ಗೊತ್ತುಮಾಡುವುದು. ಸಂಬಂಧ ಕಾಣದ ಅಧ್ಯಯನಗಳು ಅಚ್ಚಾಗದೆ ಉಳಿಯುವುದು: ಇವು ಪದೇ ಪದೇ ಕಾಣುವ ದೋಷಗಳು. ಇವನ್ನು ತಡೆಯಲೆಂದೇ ೨೦೦೫ರಲ್ಲಿ 'ರಿಮಾರ್ಕ್' ಎಂಬ ನಿಯಮಾವಳಿ ಹೊರಬಂದಿತು. ರೋಗವು ಯಾವ ಹಂತದಲ್ಲಿದೆ ಎಂಬ ಹಳೆಯ ವಿಚಾರಕ್ಕಿಂತ ಹೆಚ್ಚಾಗಿ ಹೊಸ ಸೂಚಕವು ಏನನ್ನು ತಿಳಿಸುತ್ತದೆ ಎಂಬ ಪ್ರಶ್ನೆಗೆ ಉತ್ತರವಿಲ್ಲದ ಪ್ರಬಂಧವನ್ನು ನಾವು ಅಪೂರ್ಣವೆಂದೇ ಎಣಿಸಬೇಕಾಗುತ್ತದೆ.

ನಮ್ಮ ಕರಾವಳಿಗೆ ಬರೋಣ. ಭಟ್ಕಳ, ಹೊನ್ನಾವರದವರು ಮಣಿಪಾಲಕ್ಕೋ ಮಂಗಳೂರಿಗೋ ಹೋಗುತ್ತಾರೆ. ಕುಮಟೆಯವರು ದೇವಿಮನೆ ಘಟ್ಟವೇರಿ ಶಿರಸಿಯ ಮಾರ್ಗವಾಗಿ ಹುಬ್ಬಳ್ಳಿಗೂ ಹೋಗುವುದುಂಟು. ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂಬ ಕೂಗು ೨೦೨೨ರಲ್ಲಿ ಎಲ್ಲೆಡೆ ಎದ್ದಿತು. ಹೀಗೆ ದೂರ ಹೋಗಬೇಕಾದವರಿಗೆ ಫಲಸೂಚಕದ ಬೆಲೆ ಪಟ್ಟಣಿಗರಿಗಿಂತ ಹೆಚ್ಚು. ಇ.ಜಿ.ಎಫ್.ಆರ್. ವಿಕೃತಿ ಇದ್ದರೆ ಚಿಕಿತ್ಸೆಯ ಬಹುಭಾಗವನ್ನು ಮನೆಯಲ್ಲಿಯೇ ಗುಳಿಗೆಯಾಗಿ ನುಂಗಬಹುದು. ಆದರೆ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯವರು ೩೫೦ ರೋಗಿಗಳನ್ನು ಪರೀಕ್ಷಿಸಿ ೨೦೨೦ರಲ್ಲಿ ಪ್ರಕಟಿಸಿದಂತೆ, ಗುಳಿಗೆಯೊಡನೆ ಕಿಮೊಥೆರಪಿಯನ್ನೂ ಕೊಟ್ಟರೆ ರೋಗವು ಉಲ್ಬಣಿಸದಿರುವ ಮಧ್ಯಮಾವಧಿ ೮ ತಿಂಗಳಿಂದ ೧೬ ತಿಂಗಳಿಗೆ ಏರುತ್ತದೆ. ಜೊತೆಗೆ ತೀವ್ರವಾದ ಉಪದ್ರವಗಳೂ ಏರುತ್ತವೆ, ಆಸ್ಪತ್ರೆಯ ಓಡಾಟವೂ ತಪ್ಪದು. ಮನೆಯ ಗುಳಿಗೆಯೋ ದೂರದ ಆಸ್ಪತ್ರೆಯೋ ಎಂಬ ಆಯ್ಕೆಯನ್ನು ಸೂಚಕವು ತಾನಾಗಿ ಮಾಡಿಕೊಡಲಾರದು. ಅದನ್ನು ರೋಗಿಯೂ ಮನೆಯವರೂ ವೈದ್ಯರೊಡನೆ ಕುಳಿತು ನಿರ್ಧರಿಸಬೇಕು.

ಇದಕ್ಕೂ ಮುಂಚಿನ ತೊಡಕೊಂದಿದೆ. ಬಿಡದ ಕೆಮ್ಮನ್ನು ಕ್ಷಯವೆಂದು ಬಗೆದು ತಿಂಗಳುಗಟ್ಟಲೆ ಔಷಧ ಕೊಟ್ಟ ಮೇಲೆ ಅರ್ಬುದವೆಂದು ತಿಳಿಯುವ ಪ್ರಸಂಗಗಳು ನಮ್ಮ ದೇಶದಲ್ಲಿ ವಿರಳವಲ್ಲ. ಆದುದರಿಂದ ಕಫದಲ್ಲಿ ಕ್ಷಯಾಣು ಸಿಕ್ಕದಿದ್ದಾಗ, ಔಷಧಕ್ಕೆ ರೋಗ ಜಗ್ಗದಿದ್ದಾಗ, ತಡಮಾಡದೆ ಗಡ್ಡೆಯ ತುಣುಕನ್ನು ತೆಗೆದು ಪರೀಕ್ಷಿಸಬೇಕು. ಸೂಚಕಗಳ ಪರೀಕ್ಷೆಗೂ ಸಾಲುವಷ್ಟು ತುಣುಕನ್ನು ಆಗಲೇ ತೆಗೆದಿಟ್ಟರೆ ರೋಗಿಗೆ ಎರಡನೆಯ ಪ್ರಯಾಣ ತಪ್ಪುತ್ತದೆ.