ಗಾಲಿಕುರ್ಚಿಯ ಬಾರ್ಬರಾ

ಬಾರ್ಬರಾ ಗಾರ್ಡನ್ ಗ್ರಂಥಪಾಲಕಿ. ಅಮೆರಿಕದ ಸಾಹಸ ಚಿತ್ರಕಥೆಗಳ ನಾಯಕಿಯರಲ್ಲಿ ನನಗೆ ಹಿಡಿಸಿದವಳು ಅವಳೊಬ್ಬಳೇ ಎಂದರೆ ಅದಕ್ಕೆ ಈ ಉದ್ಯೋಗವೇ ಮೊದಲ ಕಾರಣವಿರಬೇಕು. 1967ರಲ್ಲಿ ಡಿಸಿ ಸಂಸ್ಥೆಯ 'ಡಿಟೆಕ್ಟಿವ್ ಕಾಮಿಕ್ಸ್'ನಲ್ಲಿ ಅವಳು ಕಾಣಿಸಿಕೊಂಡಾಗ ಗಾಥಮ್ ನಗರದ ಪೊಲೀಸ್ ಕಮಿಷನರರ ಮಗಳು, ಡಾಕ್ಟರೇಟ್ ಪಡೆದವಳು. ವೇಷಭೂಷಣದ ಕೂಟವೊಂದಕ್ಕೆ ತಾನೇ ಹೊಲಿದುಕೊಂಡ ಉಡುಪು ತೊಟ್ಟು ಹೊರಟಿದ್ದಾಗ ದಾರಿಯಲ್ಲಿ ದುಷ್ಟರು ಎದುರಾದರು. ಅವರನ್ನು ಬಡಿದು ಬ್ಯಾಟ್‌ಗರ್ಲ್ ಆದಳು. ಬ್ಯಾಟ್‌ಮನ್ನನ ಅಪ್ಪಣೆ ಕೇಳಲಿಲ್ಲ. 1972ರಲ್ಲಿ ಕಥೆಗಾರರು ಅವಳನ್ನು ಚುನಾವಣೆಗೆ ನಿಲ್ಲಿಸಿ ಸಂಸತ್ತಿಗೂ ಕಳಿಸಿದರು.

ಇಂಥವಳ ಗತಿ 1988ರಲ್ಲಿ ಏನಾಯಿತು ನೋಡಿ. ಆ ವರ್ಷ ಅಲನ್ ಮೂರ್ ಬರೆದು ಬ್ರಯಾನ್ ಬೊಲಂಡ್ ಚಿತ್ರಿಸಿದ 'ದಿ ಕಿಲ್ಲಿಂಗ್ ಜೋಕ್' ಬಂತು. ಬಾಗಿಲು ಬಡಿದ ಸದ್ದಿಗೆ ಬಾರ್ಬರಾ ಹೋಗಿ ತೆರೆಯುತ್ತಾಳೆ. ನಿಂತಿದ್ದವನು ಜೋಕರ್. ಹೊಟ್ಟೆಗೆ ಗುಂಡು ಹಾರಿಸುತ್ತಾನೆ. ಅದು ಬೆನ್ನುಮೂಳೆಯನ್ನು ಸೀಳುತ್ತದೆ. ಆಮೇಲೆ ಅವಳ ಬಟ್ಟೆ ಬಿಚ್ಚಿ ಛಾಯಾಚಿತ್ರ ತೆಗೆಯುತ್ತಾನೆ. ಇದೆಲ್ಲ ಏತಕ್ಕೆ? ಅವಳ ತಂದೆಗೆ ಆ ಚಿತ್ರಗಳನ್ನು ತೋರಿಸಿ ಹುಚ್ಚು ಹಿಡಿಸುವುದಕ್ಕೆ. ತಂದೆ ಸೋಲುವುದಿಲ್ಲ, ಕಾನೂನಿನ ದಾರಿ ಬಿಡುವುದಿಲ್ಲ. ಓದುಗರು ಮೆಚ್ಚಬೇಕಾದದ್ದು ಅದನ್ನು. ಮಗಳು ಆಸ್ಪತ್ರೆಯ ಮಂಚದಲ್ಲಿ ಒಮ್ಮೆ ಕಣ್ಣು ಬಿಡುತ್ತಾಳೆ. ಆಗಲೂ ಅಪ್ಪನ ಗತಿ ಏನೆಂದೇ ಹಲುಬುತ್ತಾಳೆ. ಅಲ್ಲಿಗೆ ಅವಳ ಪಾತ್ರ ಮುಗಿಯಿತು. ಕೊನೆಯ ಪುಟದಲ್ಲಿ ಬ್ಯಾಟ್‌ಮನ್ ಮತ್ತು ಜೋಕರ್ ಮಳೆಯಲ್ಲಿ ನಿಂತು ಒಂದು ನಗೆಹನಿಗೆ ಜೊತೆಯಾಗಿ ನಗುತ್ತಾರೆ. ಬೊಲಂಡರ ಗೆರೆ ಅದ್ಭುತ, ಕಥೆಯ ಕಟ್ಟೋಣ ಬಿಗಿ. ಅದಕ್ಕೇ ನನಗೆ ಸಂಕಟ ಹೆಚ್ಚು.

ಹೆಣ್ಣಿಗಾದ ಅವಮಾನದಿಂದ ಗಂಡಸರ ಕಥೆ ಮುಂದೆ ಸಾಗುವುದು ನಮಗೇನೂ ಹೊಸದಲ್ಲ. ದ್ರೌಪದಿಯ ಸೀರೆ ಎಳೆಯದೆ ಭಾರತವಿಲ್ಲ. ಆದರೆ ನಮ್ಮ ಕುಮಾರವ್ಯಾಸನ ದ್ರೌಪದಿ ತುಂಬಿದ ಸಭೆಯಲ್ಲಿ ಪ್ರಶ್ನೆ ಕೇಳುತ್ತಾಳೆ. ಕೀಚಕನ ಕಾಟ ಮಿತಿಮೀರಿದಾಗ ಇರುಳಲ್ಲಿ ಭೀಮನ ಬಳಿಗೆ ಹೋಗಿ ಎಬ್ಬಿಸುತ್ತಾಳೆ, ಗಂಡಂದಿರನ್ನು ಹೀನಾಯವಾಗಿ ಬೈಯುತ್ತಾಳೆ. ತರಗತಿಯಲ್ಲಿ ಆ ಭಾಗ ಬಂದಾಗ ಹೆಣ್ಣುಮಕ್ಕಳು ನೆಟ್ಟಗೆ ಕೂರುವುದನ್ನು ಕಂಡಿದ್ದೇನೆ. ಬಾರ್ಬರಾಳಿಗೆ ಮೂರ್ ಇಂಥ ಒಂದು ಪುಟವನ್ನೂ ಕೊಡಲಿಲ್ಲ.

ಇದೊಂದು ಚಾಳಿಯೇ ಆಗಿತ್ತು. 1994ರ 'ಗ್ರೀನ್ ಲ್ಯಾಂಟರ್ನ್' ಸಂಚಿಕೆಯೊಂದರಲ್ಲಿ ನಾಯಕ ಮನೆಗೆ ಬಂದು ನೋಡಿದರೆ ಪ್ರೇಯಸಿಯ ಹೆಣ ಫ್ರಿಜ್ಜಿನೊಳಗೆ ತುರುಕಿದೆ. ಗೇಲ್ ಸಿಮೋನ್ ಎಂಬ ಓದುಗಿತ್ತಿ 1999ರಲ್ಲಿ, ಹೀಗೆ ಕೊಲೆಯಾದ, ಅತ್ಯಾಚಾರಕ್ಕೊಳಗಾದ, ಅಂಗವಿಕಲರಾದ, ಶಕ್ತಿ ಕಳೆದುಕೊಂಡ ನಾಯಕಿಯರದೊಂದು ಪಟ್ಟಿ ಮಾಡಿ, ಆ ಫ್ರಿಜ್ಜಿನ ಹೆಸರನ್ನೇ ಅದಕ್ಕಿಟ್ಟು, ಇದೇಕೆ ಹೀಗೆ ಎಂದು ಬರಹಗಾರರನ್ನೇ ಕೇಳಿದರು. ಕೇಶಾಲಂಕಾರ ಅವರ ವೃತ್ತಿ. ಗಂಡು ನಾಯಕರೂ ಏಟು ತಿನ್ನುತ್ತಾರಲ್ಲ ಎಂಬ ಉತ್ತರ ಬಾರದೆ ಇರಲಿಲ್ಲ. ತಿನ್ನುತ್ತಾರೆ, ನಿಜ. 1993ರಲ್ಲಿ ಬೇನ್ ಎಂಬ ಖಳ ಬ್ಯಾಟ್‌ಮನ್ನನ ಬೆನ್ನುಮೂಳೆಯನ್ನೇ ಮುರಿದ. ಮರುವರ್ಷವೇ ಬ್ಯಾಟ್‌ಮನ್ ಎದ್ದು ನಡೆದು ಮತ್ತೆ ಮುಖವಾಡ ತೊಟ್ಟ! ಅದೇ ನಗರ, ಅದೇ ಬೆನ್ನುಮೂಳೆ. ಬಾರ್ಬರಾ ಎದ್ದು ನಿಂತದ್ದು 2011ರಲ್ಲಿ.

ಆದರೆ ಆ ಇಪ್ಪತ್ತಮೂರು ವರ್ಷ ವ್ಯರ್ಥವಾಗದಂತೆ ನೋಡಿಕೊಂಡದ್ದು ಕಿಮ್ ಯೇಲ್ ಎಂಬ ಬರಹಗಾರ್ತಿ. ಬಾರ್ಬರಾಳನ್ನು ಹಾಗೆ ಬಿಸಾಡಿದ್ದು ಅವರಿಗೂ ಅವರ ಪತಿ ಜಾನ್ ಆಸ್ಟ್ರಾಂಡರ್ ಅವರಿಗೂ ಸಹನೆಯಾಗಲಿಲ್ಲ. 1989ರಲ್ಲಿ 'ಸೂಯಿಸೈಡ್ ಸ್ಕ್ವಾಡ್' ಪತ್ರಿಕೆಯಲ್ಲಿ ಆರಕಲ್ ಎಂಬ ಅಜ್ಞಾತ ದನಿಯೊಂದನ್ನು ತಂದರು: ಕಂಪ್ಯೂಟರಿನ ಹಿಂದೆ ಕುಳಿತು ಎಲ್ಲರಿಗೂ ಸುದ್ದಿ ಒದಗಿಸುವ ದನಿ. ಆ ದನಿ ಬಾರ್ಬರಾಳದು ಎಂದು ಆಮೇಲೆ ತಿಳಿಯುತ್ತದೆ. ಗುಂಡು ತಿಂದ ಮೇಲಿನ ದಿನಗಳನ್ನು ಅವಳೇ ಹೇಳಿಕೊಳ್ಳುವ ಕಥೆಯನ್ನು ಈ ದಂಪತಿ 1996ರಲ್ಲಿ ಬರೆದರು. ಅದರಲ್ಲಿ ಅವಳಿಗೆ ಸಿಟ್ಟಿದೆ, ಕೆಟ್ಟ ಕನಸುಗಳಿವೆ. ಕುರ್ಚಿಯಲ್ಲಿ ಕುಳಿತೇ ಕೋಲು ಹಿಡಿದು ಕಾದಾಡುವುದನ್ನು ಕಲಿಯುತ್ತಾಳೆ. ಮೂರ್ ಬರೆಯದೆ ಬಿಟ್ಟ ಪುಟ ಇದೇ. ತಂಗಿಯ ಮಗಳು ತಂದುಕೊಟ್ಟಾಗ ನಾನು ಎರಡು ಸಲ ಓದಿದೆ. ನನಗೆ ಇನ್ನೂ ಖುಷಿ ಕೊಟ್ಟದ್ದು ಬೇರೆ: ಬೇಕಾದ ಮಾಹಿತಿ ಹುಡುಕಿ, ಹೊಂದಿಸಿ, ಕೇಳಿದವರ ಕೈಗಿಡುವುದು ಗ್ರಂಥಪಾಲಕಿಯ ವಿದ್ಯೆ ತಾನೆ? ಹಳೆಯ ಉದ್ಯೋಗವೇ ಅವಳ ಹೊಸ ಬಲವಾಯಿತು. ಬ್ಯಾಟ್‌ಮನ್ನನೂ ಅವಳನ್ನೇ ಕೇಳಬೇಕಾಯಿತು. ಯೇಲ್ 1997ರಲ್ಲಿ ಸ್ತನ ಕ್ಯಾನ್ಸರಿನಿಂದ ತೀರಿಕೊಂಡರು. ಮೂರ್ ಹೆಸರು ಬಲ್ಲವರ ಪೈಕಿ ಎಷ್ಟು ಜನರಿಗೆ ಅವರ ಹೆಸರು ಗೊತ್ತು?

ಪಟ್ಟಿ ಮಾಡಿದ ಸಿಮೋನ್ ಮುಂದೆ ತಾವೇ ಕಥೆಗಾರ್ತಿಯಾಗಿ, 2003ರಿಂದ 'ಬರ್ಡ್ಸ್ ಆಫ್ ಪ್ರೇ'ಯಲ್ಲಿ ಆರಕಲ್‌ಳನ್ನು ಬರೆದರು. 2011ರಲ್ಲಿ ಡಿಸಿ ತನ್ನ ಪತ್ರಿಕೆಗಳನ್ನೆಲ್ಲ ಹೊಸದಾಗಿ ಆರಂಭಿಸಿ ಬಾರ್ಬರಾಳನ್ನು ಮತ್ತೆ ಬ್ಯಾಟ್‌ಗರ್ಲ್ ಮಾಡಿದಾಗಲೂ ಬರೆದವರು ಅವರೇ. ಗಾಲಿಕುರ್ಚಿಯಲ್ಲಿ ಓಡಾಡುವ ಓದುಗರು ನೊಂದುಕೊಂಡರು. ಅವರಂತೆ ಬದುಕುತ್ತಿದ್ದ ನಾಯಕಿ ಅವಳೊಬ್ಬಳೇ ಎಂಬಷ್ಟು ಅಪರೂಪ. ನನಗೂ ಆರಕಲ್ಲೇ ಹೆಚ್ಚು. ಹಾರುವ ನೆಗೆಯುವ ಹುಡುಗಿಯರು ಬೇಕಾದಷ್ಟಿದ್ದಾರೆ. ಆದರೆ ಗಂಡು ಒಂದು ವರ್ಷದಲ್ಲಿ ಗುಣವಾಗುವ ಲೋಕದಲ್ಲಿ ಹೆಣ್ಣು ಮಾತ್ರ ಯಾವಾಗಲೂ ಕುಳಿತೇ ಇರಬೇಕು ಎನ್ನಲು ಬಾಯಿ ಬರುವುದಿಲ್ಲ.

2015ರಲ್ಲಿ ಆ ಬಾಗಿಲು ಮತ್ತೆ ತೆರೆಯಿತು. ಆ ಹೊತ್ತಿಗೆ 'ಬ್ಯಾಟ್‌ಗರ್ಲ್' ಹೊಸ ಕೈಗಳಿಗೆ ಹೋಗಿ, ಹದಿಹರೆಯದ ಹುಡುಗಿಯರು ಇಷ್ಟಪಡುವ ಲವಲವಿಕೆಯ ಪತ್ರಿಕೆಯಾಗಿತ್ತು. ಅದರ ಒಂದು ಸಂಚಿಕೆಗೆ ಬ್ರೆಜಿಲಿನ ಕಲಾವಿದ ರಫೇಲ್ ಅಲ್ಬುಕರ್ಕ್ ವಿಶೇಷ ಮುಖಪುಟ ಬರೆದರು. ಜೋಕರ್ ಅವಳ ಹೆಗಲ ಮೇಲೆ ಕೈ ಹಾಕಿದ್ದಾನೆ, ಕೈಯಲ್ಲಿ ಪಿಸ್ತೂಲು, ಅವಳ ಕಣ್ಣಲ್ಲಿ ನೀರು. 1988ರ ಪುಸ್ತಕಕ್ಕೆ ಅದು ಗೌರವವಂತೆ! ಓದುಗರು ಪ್ರತಿಭಟಿಸಿದರು, ಕಲಾಸ್ವಾತಂತ್ರ್ಯ ಹೋಯಿತೆಂದು ಬೇರೆಯವರು ಕೂಗಿದರು. ಕೊನೆಗೆ ಅಲ್ಬುಕರ್ಕ್ ತಾವೇ ಅದನ್ನು ಹಿಂತೆಗೆದುಕೊಳ್ಳುವಂತೆ ಕೇಳಿದರು, ಸಂಸ್ಥೆ ಒಪ್ಪಿತು. ಸಂಚಿಕೆ ಬೇರೆ ಮುಖಪುಟ ಹೊತ್ತು ಅಂಗಡಿಗೆ ಬಂತು. 'ದಿ ಕಿಲ್ಲಿಂಗ್ ಜೋಕ್' ಅದರ ಪಕ್ಕದಲ್ಲೇ ಮಾರಾಟವಾಗುತ್ತಿತ್ತು. ಅದನ್ನು ಯಾರೂ ಕಿತ್ತುಕೊಂಡಿರಲಿಲ್ಲ.