ಬೇಲಿಯಿಲ್ಲದ ಒಲವು

ಹಯಾಓ ಮಿಯಾಝಾಕಿ ನಿರ್ದೇಶಿಸಿ, ಸ್ಟುಡಿಯೊ ಜಿಬ್ಲಿ 1997ರಲ್ಲಿ ತೆರೆಗೆ ತಂದ ‘ಪ್ರಿನ್ಸೆಸ್ ಮೊನೊನೊಕೆ’ಯಲ್ಲಿ ಮದುವೆಯಿಲ್ಲ, ಒಂದೇ ಸೂರಿನಡಿಯ ಬಾಳೂ ಇಲ್ಲ. ಆದರೂ ಅನಿಮೆಯಲ್ಲಿ ನಾನು ಕಂಡ ಅತ್ಯಂತ ಘನವಾದ ಪ್ರೇಮಕಥೆ ಅದೇ.

ಸಾನ್ ತೋಳದೇವತೆ ಮೊರೊ ಸಾಕಿದ ಹುಡುಗಿ. ಮನುಷ್ಯರೆಂದರೆ ಅವಳಿಗೆ ದ್ವೇಷ. ಶಾಪಗ್ರಸ್ತ ತೋಳು ಹೊತ್ತು ಊರು ಬಿಟ್ಟು ಬಂದವನು ಅಶಿತಾಕ. ಗಂಟಲಿಗೆ ಕತ್ತಿ ಹಿಡಿದವಳಿಗೆ ಅವನು ಹೇಳುವುದು, ನೀನು ಚೆಲುವೆ ಎಂದು. ಸಾನ್ ಬೆಚ್ಚಿ ಹಿಂದೆ ಸರಿಯುತ್ತಾಳೆ. ಮುಂದೆ, ಅಗಿಯಲೂ ತ್ರಾಣವಿಲ್ಲದೆ ಮಲಗಿದ ಅವನಿಗೆ ಒಣಮಾಂಸವನ್ನು ತಾನೇ ಅಗಿದು ಬಾಯಿಗೆ ಬಾಯಿಟ್ಟು ಉಣಿಸುತ್ತಾಳೆ. ಅದು ಶೃಂಗಾರವಲ್ಲ, ಕಾಡು ಕಲಿಸಿದ ತಾಯ್ತನದ ಆರೈಕೆ; ಅದಕ್ಕೇ ಅಷ್ಟು ಆಳಕ್ಕೆ ನಾಟುತ್ತದೆ.

ಕೊನೆಯಲ್ಲಿ ಸಾನ್ ಅವನನ್ನು ಒಪ್ಪುತ್ತಾಳೆ, ಮನುಷ್ಯಕುಲವನ್ನು ಕ್ಷಮಿಸುವುದಿಲ್ಲ. ಅಶಿತಾಕ ವಾದಿಸುವುದಿಲ್ಲ, ಬೇಡುವುದೂ ಇಲ್ಲ. ಅವಳು ಕಾಡಿಗೆ, ಅವನು ಮನುಷ್ಯರ ಕಬ್ಬಿಣದೂರಿಗೆ. ತನ್ನ ಸವಾರಿಯ ಪ್ರಾಣಿ ಯಕ್ಕುಲ್ ಏರಿ ಅವಳನ್ನು ಕಾಣಲು ಬರುವೆನೆಂಬ ಮಾತು ಮಾತ್ರ ನಡುವೆ. ಪ್ರಿಯಳನ್ನು ಬದಲಿಸದೆ ಪ್ರೀತಿಸುವುದೇ ನಿಷ್ಠೆ ಎಂದು ಇಷ್ಟು ನಿಚ್ಚಳವಾಗಿ ತೋರಿದ್ದಕ್ಕೆ ಈ ಚಿತ್ರವನ್ನು ನಾನು ಮತ್ತೆ ಮತ್ತೆ ನೋಡುತ್ತೇನೆ.