ರಿಚರ್ಡ್ಸರ ಕಾವ್ಯಪರೀಕ್ಷೆಯೂ ಪರೀಕ್ಷಕನ ಪೂರ್ವಗ್ರಹವೂ

ಕಾವ್ಯವನ್ನೋದಿದವರ ಮನಸ್ಸಿನಲ್ಲಿ ನಡೆಯುವುದೇನೆಂಬುದನ್ನು ಲಕ್ಷಣಕಾರರು ಊಹಿಸಿ ಹೇಳಿದ್ದುಂಟು. ಓದುಗರಿಂದಲೇ ಬರೆಯಿಸಿ ನೋಡಿದವರು ವಿರಳರು. ಐ. ಎ. ರಿಚರ್ಡ್ಸರು ಕೇಂಬ್ರಿಜ್ ವಿಶ್ವವಿದ್ಯಾನಿಲಯದಲ್ಲಿ ಈ ಕಾರ್ಯವನ್ನು ಕೈಕೊಂಡು, ಅದರ ಫಲವನ್ನು ೧೯೨೯ರಲ್ಲಿ ‘ಪ್ರಾಕ್ಟಿಕಲ್ ಕ್ರಿಟಿಸಿಜಂ’ ಎಂಬ ಗ್ರಂಥರೂಪದಲ್ಲಿ ಪ್ರಕಟಿಸಿದರು. ಕವಿಗಳ ಹೆಸರನ್ನು ಮರೆಮಾಡಿ, ಕವಿತೆಗಳನ್ನು ಅಚ್ಚುಹಾಕಿಸಿ ಹಂಚಿ, ಒಂದು ವಾರದ ಅವಧಿಯನ್ನಿತ್ತು, ತೋಚಿದುದನ್ನು ನಿಸ್ಸಂಕೋಚವಾಗಿ ಬರೆದುಕೊಡುವಂತೆ ಅವರು ಕೇಳಿಕೊಂಡರು. ಬರೆದವರ ಹೆಸರುಗಳೂ ಹೊರಬೀಳದಂತೆ ನೋಡಿಕೊಂಡರು. ಹೀಗೆ ಬಂದ ಬರಹಗಳಿಂದ ಆಯ್ದ ಭಾಗಗಳು, ಹದಿಮೂರು ಕವಿತೆಗಳ ಕೆಳಗೆ, ಗ್ರಂಥದ ಬಹುಭಾಗವನ್ನು ತುಂಬಿವೆ.

ಜನರ ಮಾತುಗಳನ್ನೇ ಆಧಾರವಾಗಿಟ್ಟುಕೊಂಡು, ಅವನ್ನು ವಿಂಗಡಿಸಿ ಅರ್ಥೈಸುವ ಕ್ರಮಕ್ಕೆ ಇಂದಿನ ಮನಶ್ಶಾಸ್ತ್ರಜ್ಞರು ಗುಣಾತ್ಮಕ ಸಂಶೋಧನೆಯೆನ್ನುತ್ತಾರೆ. ಆ ಹೆಸರು ಬಳಕೆಗೆ ಬರುವ ಮುನ್ನವೇ ರಿಚರ್ಡ್ಸರು ಅದನ್ನು ಸಾಹಿತ್ಯದಲ್ಲಿ ನಡೆಯಿಸಿ ತೋರಿಸಿದರೆಂಬುದು ಅಲ್ಪವಾದ ಹಿರಿಮೆಯಲ್ಲ. ಪದವಿಗಾಗಿ ಇಂಗ್ಲಿಷ್ ಸಾಹಿತ್ಯವನ್ನೇ ವ್ಯಾಸಂಗಮಾಡುತ್ತಿದ್ದವರು ಕೂಡ ಪದ್ಯದ ವಾಚ್ಯಾರ್ಥವನ್ನೇ ತಪ್ಪುವರೆಂಬುದು ಅಧ್ಯಾಪಕರನ್ನು ಬೆಚ್ಚಿಬೀಳಿಸತಕ್ಕ ಸಂಗತಿಯೇ ಸರಿ. ಓದಿಗೆ ಅಡ್ಡಬರುವ ಹತ್ತು ತೊಡಕುಗಳನ್ನು ಅವರು ಹೆಸರಿಸುತ್ತಾರೆ. ಅವುಗಳಲ್ಲೊಂದು, ಕವಿತೆಗೆ ಸಂಬಂಧಪಡದ ಸ್ವಂತ ನೆನಪುಗಳು ನುಗ್ಗಿಬರುವುದು. ಅಭಿನವಗುಪ್ತನು ರಸವಿಘ್ನಗಳನ್ನೆಣಿಸುವಾಗ ತನ್ನ ಸುಖದುಃಖಗಳಿಗೆ ವಶನಾಗುವಿಕೆಯನ್ನು ಹೇಳಿದ್ದಾನಷ್ಟೆ. ಎರಡಕ್ಕೂ ಇರುವ ಸಾಮ್ಯವು ಸಂಸ್ಕೃತಾಲಂಕಾರಶಾಸ್ತ್ರವನ್ನು ಬಲ್ಲವರಿಗೆ ಒಡನೆಯೇ ಹೊಳೆಯುವುದು. ಆದರೆ ಅಭಿನವಗುಪ್ತನದು ಶಾಸ್ತ್ರಚಿಂತನೆ. ರಿಚರ್ಡ್ಸರು ಕೈಯಲ್ಲಿ ಸಾಕ್ಷ್ಯವನ್ನು ಹಿಡಿದು ಮಾತನಾಡುವವರು. ಆದುದರಿಂದ ಸಾಕ್ಷ್ಯವನ್ನು ಪರೀಕ್ಷಿಸುವ ನಿಯಮಗಳಿಗೆ ಅವರು ಒಳಪಡಲೇಬೇಕು.

ಕವಿಯ ಕೀರ್ತಿಯಿಂದ ಹುಟ್ಟುವ ಪೂರ್ವಗ್ರಹವನ್ನು ರಿಚರ್ಡ್ಸರು ಹೊರಗಿಟ್ಟರು. ಆದರೆ ಅವರು ಹೊರಗಿಟ್ಟುದು ವಿದ್ಯಾರ್ಥಿಗಳ ಪೂರ್ವಗ್ರಹವನ್ನು ಮಾತ್ರ. ಕವಿಯಾರೆಂಬುದನ್ನು ಪರೀಕ್ಷಕರು ಬಲ್ಲರು. ಯಾವ ಕವಿತೆ ಮೇಲು, ಯಾವುದು ಕೀಳು ಎಂಬ ತೀರ್ಮಾನವೂ ಅವರಲ್ಲಿದೆ. ಬರಹಗಳನ್ನು ಆಯ್ದವರೂ, ಕತ್ತರಿಸಿದವರೂ, ವರ್ಗಗಳನ್ನು ಕಲ್ಪಿಸಿದವರೂ, ಇಂಥ ಮಾತು ಇಂಥ ವರ್ಗಕ್ಕೆ ಸೇರಿದುದೆಂದು ನಿರ್ಣಯಿಸಿದವರೂ ಅವರೊಬ್ಬರೇ.

ಡಿ. ಎಚ್. ಲಾರೆನ್ಸನ ‘ಪಿಯಾನೋ’ ಎಂಬ ಕವಿತೆಯ ಪ್ರಕರಣದಿಂದ ಇದು ಸ್ಪಷ್ಟವಾಗುವುದು. ಸಂಜೆಯಲ್ಲಿ ಹೆಂಗಸೊಬ್ಬಳ ಹಾಡನ್ನು ಕೇಳಿ ಬಾಲ್ಯಕ್ಕೆ ಜಾರುವ ಮನಸ್ಸೇ ಅದರ ವಸ್ತು. ಓದಿದವರಲ್ಲಿ ಅನೇಕರು ಅದನ್ನು ಬರಿಯ ಭಾವಾತಿರೇಕವೆಂದು ತಳ್ಳಿಹಾಕಿದರು. ಕವಿತೆಯು ತನ್ನ ಭಾವುಕತೆಯನ್ನು ತಾನೇ ಅರಿತು ಅದರೊಡನೆ ಹೆಣಗುತ್ತಿದೆಯೆಂಬುದು ರಿಚರ್ಡ್ಸರ ಅಭಿಪ್ರಾಯ. ಅದು ಸರಿಯಾದ ಅಭಿಪ್ರಾಯವೇ ಇರಬಹುದು. ಆದರೆ ತಳ್ಳಿಹಾಕಿದವರ ಮಾತಿಗೆ ಮಾತ್ರ ಮಾನಸಿಕ ಕಾರಣಗಳನ್ನು ಹುಡುಕುವುದೇಕೆ? ಮೆಚ್ಚಿದವರು ಯಾವ ಹಳೆಯ ನೆನಪಿನಿಂದ ಮೆಚ್ಚಿದರೆಂಬ ಪ್ರಶ್ನೆಯೂ ಅಷ್ಟೇ ನ್ಯಾಯವಾದುದಲ್ಲವೆ? ಅವರು ಹೊಗಳಿಕೆಯನ್ನು ಪರೀಕ್ಷಿಸದೆ ಬಿಟ್ಟವರಲ್ಲ. ಕೀಳೆಂದು ತಾವು ಬಗೆದ ಕವಿತೆಯ ಹೊಗಳಿಕೆಯನ್ನು ಚೆನ್ನಾಗಿಯೇ ಶೋಧಿಸುತ್ತಾರೆ. ಒಟ್ಟಿನಲ್ಲಿ, ತಮ್ಮೊಡನೆ ಒಪ್ಪಿದವರ ತೀರ್ಪನ್ನು ಬಹುಮಟ್ಟಿಗೆ ವಿವೇಕವೆಂದೂ, ಒಪ್ಪದವರದನ್ನು ರೋಗಲಕ್ಷಣವೆಂದೂ ಎಣಿಸಿದಂತಾಗಿದೆ.

ಈ ಅಪಾಯವು ಆ ಕಾಲಕ್ಕೆ ಅಜ್ಞಾತವಾಗಿರಲಿಲ್ಲ. ಬರ್ಲಿನ್ನಿನಲ್ಲಿ ಹಾನ್ಸ್ ಎಂಬ ಕುದುರೆಯೊಂದು ಗೊರಸು ಬಡಿದು ಲೆಕ್ಕಗಳಿಗೆ ಉತ್ತರ ಹೇಳುತ್ತದೆಂಬ ಪ್ರತೀತಿಯಿತ್ತು. ಪ್ರಶ್ನೆ ಕೇಳಿದವನಿಗೇ ಉತ್ತರ ತಿಳಿಯದಿದ್ದಾಗ ಕುದುರೆಗೂ ತಿಳಿಯದೆಂದು ಓಸ್ಕರ್ ಫುಂಗ್ಸ್ಟನು ೧೯೦೭ರಲ್ಲಿ ತೋರಿಸಿದ್ದನು. ಕೇಳುವವನ ತಲೆಯು ಅವನಿಗರಿಯದಂತೆಯೇ ಅಲುಗುತ್ತಿದ್ದುದನ್ನು ಕಂಡು ಅದು ಬಡಿಯುವುದನ್ನು ನಿಲ್ಲಿಸುತ್ತಿತ್ತು. ಕೇಂಬ್ರಿಜ್ಜಿನ ವಿದ್ಯಾರ್ಥಿಗಳು ವಾರವಾರವೂ ರಿಚರ್ಡ್ಸರ ವ್ಯಾಖ್ಯಾನವನ್ನು ಕೇಳುತ್ತಿದ್ದವರು. ಅವರಿಗೆ ಏನು ಇಷ್ಟವೆಂಬುದು ಇವರ ಬರಹದೊಳಗೆ ಸೇರಿರಲಾರದೆಂದು ಹೇಳುವುದು ಕಷ್ಟ.

ಮನಶ್ಶಾಸ್ತ್ರವು ಅನಂತರದಲ್ಲಿ ಕೆಲವು ಉಪಾಯಗಳನ್ನು ರೂಢಿಗೆ ತಂದಿದೆ. ಒಂದೇ ಬರಹವನ್ನು ಇಬ್ಬರು ಪ್ರತ್ಯೇಕವಾಗಿ ವಿಂಗಡಿಸಿ ಆಮೇಲೆ ತಾಳೆನೋಡುವುದು ಒಂದು. ಆಕಸ್ಮಿಕವಾದ ಒಪ್ಪಿಗೆಯನ್ನು ಕಳೆದು ನಿಜವಾದ ಒಪ್ಪಿಗೆಯನ್ನು ಅಳೆಯುವ ಮಾನವನ್ನು ಜೇಕಬ್ ಕೋಹೆನ್ನನು ೧೯೬೦ರಲ್ಲಿ ಕೊಟ್ಟನು. ಸಿದ್ಧಾಂತಕ್ಕೆ ವಿರುದ್ಧವಾದ ನಿದರ್ಶನಗಳನ್ನು ಬೇಕೆಂದೇ ಅರಸುವುದು ಮತ್ತೊಂದು. ಸಂಶೋಧಕನು ತನ್ನ ಪೂರ್ವಾಭಿಪ್ರಾಯಗಳನ್ನು ಮೊದಲೇ ಬರೆದಿಡುವುದೂ ಉಂಟು. ಆದರೆ ಒಂದೇ ಗುರುವಿನ ಶಿಷ್ಯರಿಬ್ಬರು ಒಂದೇ ತಪ್ಪನ್ನು ಒಮ್ಮತದಿಂದ ಮಾಡಬಲ್ಲರು. ಅಂಥ ಒಪ್ಪಿಗೆಯ ಅಂಕಿಯನ್ನು ಕಂಡು ನೆಚ್ಚುವುದು ಜಾಣತನವಲ್ಲ. ವಿರುದ್ಧನಿದರ್ಶನಗಳ ಶೋಧನೆಯೇ ಸಾಹಿತ್ಯದ ಅಧ್ಯಾಪಕರಿಗೆ ಹೆಚ್ಚು ಉಪಯುಕ್ತವಾದುದು. ಅಧ್ಯಾಪಕನು ಮೆಚ್ಚಿದ ಪದ್ಯವನ್ನು ಮೂಲದ ಪದಗಳನ್ನೇ ಆಧರಿಸಿ ಬಲವಾಗಿ ಖಂಡಿಸಿದ ಉತ್ತರವೊಂದಿದ್ದರೆ, ಅದನ್ನು ತೊಡಕುಗಳ ಪಟ್ಟಿಗೆ ಸೇರಿಸುವ ಮುನ್ನ ಪದ್ಯವನ್ನೇ ಮತ್ತೊಮ್ಮೆ ಓದತಕ್ಕುದು.

ಗ್ರಂಥದಲ್ಲಿ ಕಾಣದವರ ವಿಷಯವೂ ಉಳಿದಿದೆ. ಹಾಳೆಗಳನ್ನು ಪಡೆದವರಲ್ಲಿ ಬರೆದು ಹಿಂದಿರುಗಿಸಿದವರು ನೂರಕ್ಕೆ ಸುಮಾರು ೬೦ ಮಂದಿ. ಮಿಕ್ಕವರು ಸೋಮಾರಿಗಳೋ, ಹೇಳಲು ಅಂಜಿದವರೋ, ಅಥವಾ ಕವಿತೆಯನ್ನು ಓದಿ ಸುಮ್ಮನಿರುವುದೇ ಯೋಗ್ಯವೆಂದು ಎಣಿಸಿದವರೋ, ಬರಹಗಳಿಂದ ತಿಳಿಯದು. ಅವರ ಓದಿನಲ್ಲಿಯೂ ಅವೇ ಹತ್ತು ತೊಡಕುಗಳಿದ್ದುವೆಂದು ಹೇಳಲು ರಿಚರ್ಡ್ಸರ ಗ್ರಂಥದಲ್ಲಿ ಆಧಾರವಿಲ್ಲ.